ಎರಡು ಬೆರಳು ಇಳಿದ ಬಣ್ಣ

ಬ್ಯಾಡಗಿಯ ಕರಬಸಪ್ಪ ಸಾವುಕಾರರ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಮೆಣಸಿನಕಾಯಿಯ ಬಣ್ಣ ಹೇಳಿದವನು ರುದ್ರಮುನಿ. ಕಾಯಿ ಮುರಿದು ಅಂಗೈಗೆ ತಿಕ್ಕಿ ನೋಡಿದನೆಂದರೆ ಅವನ ಮಾತೇ ಮಾತು. ಈ ವರ್ಷ ಕರ್ಜಗಿಯಿಂದ ಬಸ್ಸಿಗೆ ಬರುವ ನೀಲಾ ಕೆಲಸಕ್ಕೆ ಸೇರಿದಳು. ಬಣ್ಣ ಅಳೆಯಲು ಅವಳಿಗೊಂದು ಮಷೀನು ಬಂತು, ಅದರ ಲೆಕ್ಕ ಬರೆಯಲು ಗೋಡೆಗೊಂದು ಹಾಳೆ. ಸಾವುಕಾರರು ಬೆಳಿಗ್ಗೆ ಬಂದವರೇ ಈಗ ಹಾಳೆಯ ಮುಂದೆ ನಿಲ್ಲುತ್ತಾರೆ. ರುದ್ರಮುನಿಯ ಕೆಂಪು ಅಂಗೈ ಸುಮ್ಮನೆ ಕಾಯುತ್ತದೆ. ಅವಳಿಗೆ ತರಿಸುವ ಚಹಾಕ್ಕೆ ಶುಂಠಿ ಬೀಳುವುದೂ ಅವನ ಕಣ್ಣು ತಪ್ಪಿರಲಿಲ್ಲ.

ಆ ದಿನ ಕೋಲ್ಡ್ ಸ್ಟೋರೇಜಿನಲ್ಲಿ ಒಂದೇ ರಾಶಿಗೆ ಜಾಗ ಸಿಕ್ಕಿತು. ಗೋದಾಮಿನ ಸೆಕೆಗೆ ಬಣ್ಣ ಕಳೆದುಕೊಳ್ಳುತ್ತ ಬಿದ್ದಿದ್ದವು ಎರಡು ರಾಶಿ, ಡಬ್ಬಿ ಕಾಯಿಯದೊಂದು, ಗುಂಟೂರು ಕಾಯಿಯದೊಂದು. ತೂಕ ಸಮಸಮ.

"ಯಾವುದನ್ನ ಕಳಸೋಣು?" ಎಂದರು ಸಾವುಕಾರರು.

ನೀಲಾ ಏಳುವ ಮೊದಲೇ ರುದ್ರಮುನಿ ಹಾಳೆಗೆ ಬೆರಳಿಟ್ಟ. ಎರಡು ನೆಟ್ಟಗಿನ ಗೆರೆ, ಜೋಡಿಯಾಗಿ ಇಳಿದಿದ್ದವು.

"ಕೇಳೂದೇನೈತ್ರಿ? ಡಬ್ಬೀನೂ ಎರಡು ಬೆರಳು ಇಳದೈತಿ, ಗುಂಟೂರೂ ಎರಡು ಬೆರಳು. ಹೋದ ಬಣ್ಣ ಎರಡರದೂ ಅಷ್ಟ. ಯಾವುದನ್ನ ಕಳಿಸಿದ್ರೂ ನಡೀತೈತಿ. ಇಷ್ಟಕ್ಕ ಮಷೀನ್ ಬೇಕಿತ್ತೇನು?"

"ಕಾಕಾ, ಬಾಜೂಕಿನ ಬಣ್ಣದ ಅಂಕಿ ನೋಡ್ರಿ," ಎಂದಳು ನೀಲಾ.

ಕೆಳಗಿಂದ ಮೇಲಕ್ಕೆ ಇಪ್ಪತ್ತು, ನಲವತ್ತು, ಎಂಬತ್ತು, ನೂರಅರವತ್ತು. ನಡುವಿನ ಜಾಗ ಮಾತ್ರ ಎಲ್ಲಕ್ಕೂ ಒಂದೇ, ಎರಡೆರಡು ಬೆರಳು.

"ಇದೆಂಥಾ ಅಳತಿ ಬೇ ಯವ್ವಾ?" ಎಂದ ರುದ್ರಮುನಿ.

"ಒಂದು ಮನಿ, ಅಂದ್ರ ಎರಡು ಬೆರಳು, ಏರಿದ್ರ ದುಪ್ಪಟ್ಟು, ಇಳದ್ರ ಅರ್ಧ. ನಾಕು ತಿಂಗಳದಾಗ ಎರಡೂ ಅರ್ಧ ಕಳಕೊಂಡಾವ. ಗೆರಿ ಹಿಂಗ ನೆಟ್ಟಗ ಹೋತಂದ್ರ ಮುಂದಿನ ನಾಕು ತಿಂಗಳಿಗೂ ಮತ್ತ ಅರ್ಧ. ಒಂದ ಸಮ ಇಳದಾವ ಅಂದ್ರಲ್ಲ ಕಾಕಾ, ಅದು ಖರೇನ. ನೀವು ಬರೇ ಬೆರಳಿಟ್ಟು ಹೇಳಿದ್ರಿ, ಅದನ್ನ ಹೇಳಾಕ ನನಗ ಸ್ಕೇಲ್ ಬೇಕಾಗಿತ್ತು. ಆದ್ರ ಗುಂಟೂರಿನ ಅರ್ಧ ಬ್ಯಾರೆ, ಡಬ್ಬಿ ಅರ್ಧ ಬ್ಯಾರೆ."

ಅವಳು ನಕ್ಕಿದ್ದರೆ ರುದ್ರಮುನಿ ಬೈದು ಹಗುರಾಗುತ್ತಿದ್ದ. ಹುಡುಗಿ ನಗಲಿಲ್ಲ, ಮೆಚ್ಚಿಕೊಂಡಳು. ಗೆರೆಗಳ ತುದಿಯನ್ನು ಮತ್ತೊಮ್ಮೆ ನೋಡಿದ. ಡಬ್ಬಿ ಎಂಬತ್ತಕ್ಕೆ ಬಂದು ನಿಂತಿತ್ತು, ಗುಂಟೂರು ಇಪ್ಪತ್ತಕ್ಕೆ.

"ಡಬ್ಬೀನ ಕಳಸ್ರಿ," ಎಂದ. "ಇಲ್ಲೇ ಬಿಟ್ರ ಅದು ಇನ್ನೂ ನಲವತ್ತು ಕಳಕೊಂತೈತಿ. ಗುಂಟೂರು ಬರೇ ಹತ್ತು."

ಸಾವುಕಾರರು ನೀಲಾಳ ಕಡೆ ತಿರುಗಿದರು. "ಹೌದೇನವಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ರುದ್ರಮುನಿ ಬಾಗಿಲಿಗೆ ಹೋಗಿ, ಅಂಗಳದಲ್ಲಿದ್ದ ಹಮಾಲರ ಮುಖ್ಯಸ್ಥನನ್ನು ಕೂಗಿದ:

"ಏ ಮಲ್ಲಿಕಸಾಬ! ಡಬ್ಬಿ ಚೀಲ ಎತ್ತಸೋ ಲಗೂನ! ನಾ ಹೇಳಾಕತ್ತೇನಿ, ನಾ!"