ಜೋಮು ಹಿಡಿದ ಕಾಲು

ಅಮ್ಮನ ದೇವರಿಗೆ ದೀಪ, ಹೂವು, ಭಜನೆ, ಮಧ್ಯಾಹ್ನಕ್ಕೆ ಪಾಯಸ ಎಲ್ಲ ಉಂಟು. ಪಪ್ಪನ ದೇವರಿಗೆ ಏನೂ ಇಲ್ಲ.

ಪಪ್ಪ ಕ್ವೇಕರ್, ಅಂದರೆ ಮೌನವಾಗಿ ಪ್ರಾರ್ಥಿಸುವ ಒಂದು ಕ್ರೈಸ್ತ ಪಂಗಡದವರು. ಉಡುಪಿಯ ಪ್ರೇಮನಾಥ ಸಿಡ್ನಿಗೆ ಬಂದು ಕ್ವೇಕರ್ ಆದದ್ದು ಹೇಗೆಂದು ಕೇಳಿದರೆ, "ಒಂದು ದಿನ ಹೋಗಿ ಕೂತೆ, ಯಾರೂ ಏನೂ ಕೇಳ್ಲಿಲ್ಲ" ಎನ್ನುತ್ತಾರೆ, ಅಷ್ಟೇ. ಅವರ ಮೀಟಿಂಗ್‌ನಲ್ಲಿ ಪಾದ್ರಿ ಇಲ್ಲ, ಹಾಡಿಲ್ಲ. ಎಲ್ಲರೂ ಒಂದು ಗಂಟೆ ಸುಮ್ಮನೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ನಿಂತು ಹೇಳುತ್ತಾರೆ. ಕೊನೆಗೆ ಹಿರಿಯರಿಬ್ಬರು ಕೈ ಕುಲುಕಿದರೆ ಮುಗಿಯಿತು.

"ಸುಮ್ಮನೆ ಕೂರ್ಲಿಕ್ಕೆ ಕೆಲ್ಲಿವಿಲ್‌ನಿಂದ ಸಿಟಿಗೆ ಹೋಗ್ಬೇಕಾ ಮಾರಾಯ್ರೆ? ನಮ್ಮ ಸೋಫಾ ಉಂಟಲ್ಲ?" ಎಂದು ಅಮ್ಮ ಪ್ರತಿ ಭಾನುವಾರ ಕೇಳುತ್ತಾಳೆ. ಪಪ್ಪ ನಗುತ್ತಾರೆ, ನನ್ನನ್ನು ಕರೆದುಕೊಂಡು ಹೊರಡುತ್ತಾರೆ.

ಚಿಕ್ಕವಳಿದ್ದಾಗ ಅಲ್ಲಿ ನಾವೊಂದಿಷ್ಟು ಮಕ್ಕಳಿದ್ದೆವು. ಹಿಲರಿ ಆಂಟಿ ನಮಗೆ ಹಿಂದಿನ ಕೋಣೆಯಲ್ಲಿ ಜೇಡಿಮಣ್ಣು ಕೊಟ್ಟು, "ಸುಮ್ಮನೆ ಕೂತಾಗ ಒಳಗೆ ಏನು ಕೇಳಿಸ್ತು?" ಎಂದು ಕೇಳುತ್ತಿದ್ದರು. ನಾನು "ಹೊಟ್ಟೆ" ಎನ್ನುತ್ತಿದ್ದೆ. ಅವರು ಅದನ್ನೂ ಗಂಭೀರವಾಗಿ ಕೇಳಿಸಿಕೊಳ್ಳುತ್ತಿದ್ದರು. ಉಳಿದವರೆಲ್ಲ ಒಬ್ಬೊಬ್ಬರಾಗಿ ಫುಟಿ ಆಟ, ಟ್ಯೂಷನ್ ಎಂದು ಬಿಟ್ಟರು. ಕೋಣೆಗೆ ಬೀಗ ಬಿತ್ತು. ಈಗ ಹಾಲ್‌ನಲ್ಲಿ ತಲೆ ಬಿಳಿಯಾಗದವಳು ನಾನೊಬ್ಬಳೇ.

ಮೆಲ್ಬರ್ನ್‌ಗೆ ಓದಲು ಹೊರಡುವ ಮುಂಚಿನ ಕೊನೆಯ ಭಾನುವಾರ ಅದು. ಅಲ್ಲಿ ನಾನು ಮೀಟಿಂಗ್‌ಗೆ ಹೋಗುವುದಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಪಪ್ಪನಿಗೆ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಮೌನದಲ್ಲಿ ಕೂತು ಆ ವಾಕ್ಯವನ್ನೇ ತಿದ್ದುತ್ತಿದ್ದೆ. ನಡುವೆ ಸೂಟ್‌ಕೇಸ್, ಹೊಸ ಶೂ, ಅಲ್ಲಿ ನಾನು ಉಳಿಯಲಿರುವ ದೊಡ್ಡಮ್ಮನ ಮನೆಯ ವೈಫೈ, ಎಲ್ಲ ಬಂದು ಹೋಗುತ್ತಿದ್ದವು. ಆಗ ಕಾಲು ಜೋಮು ಹಿಡಿಯಿತು. ಮಡಚಿ ಕೂರುವ ಅಭ್ಯಾಸ. ತಡೆಯಲಾಗದೆ ಮೆಲ್ಲಗೆ ಹೊರಗೆ ಹೋಗೋಣವೆಂದು ಎದ್ದೆ.

ಎದ್ದೆ, ಆದರೆ ಕಾಲು ಇರಲೇ ಇಲ್ಲ. ಒಂದು ಹೆಜ್ಜೆ ಇಟ್ಟರೂ ಬೀಳುತ್ತೇನೆ. ಮುಂದಿನ ಕುರ್ಚಿ ಹಿಡಿದು ನಿಂತೆ.

ಹಾಲ್‌ನ ಮೌನ ಬದಲಾಯಿತು. ಯಾರೂ ತಿರುಗಿ ನೋಡಲಿಲ್ಲ, ಆದರೆ ಎಲ್ಲರೂ ಕಾಯುತ್ತಿದ್ದರು. ಇಷ್ಟು ವರ್ಷದಲ್ಲಿ ನಾನು ಎದ್ದು ನಿಂತದ್ದು ಅದೇ ಮೊದಲು. ಹಿಲರಿ ಆಂಟಿ ಕಣ್ಣು ಮುಚ್ಚಿಕೊಂಡೇ ಕಿವಿಯ ಮಿಷಿನ್ ಸರಿ ಮಾಡಿಕೊಂಡರು. ಪಪ್ಪ ತಮ್ಮ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಏನೂ ಇರಲಿಲ್ಲ. ಕಾಲಿಗೆ ಇರುವೆ ಹರಿದಂತಾದ ಮೇಲೆ ಕೂತೆ.

ಮೀಟಿಂಗ್ ಮುಗಿದಾಗ ಹಿಲರಿ ಆಂಟಿ ನನ್ನ ಕೈ ಹಿಡಿದು ಬಿಡಲೇ ಇಲ್ಲ. ಅವರ ಕಣ್ಣು ಒದ್ದೆಯಾಗಿತ್ತು. "ಅದು ಬರುತ್ತೆ ನಿರೀಕ್ಷಾ. ಆತುರ ಇಲ್ಲ. ನಾವು ಕಾಯ್ತೀವಿ," ಎಂದರು ಇಂಗ್ಲಿಷ್‌ನಲ್ಲಿ.

ಕಾರಿನಲ್ಲಿ ಪಪ್ಪ ಏನೋ ಗುನುಗುತ್ತಿದ್ದರು. ಪಪ್ಪ ಗುನುಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ತಿದ್ದಿ ಇಟ್ಟ ವಾಕ್ಯ ಗಂಟಲಲ್ಲೇ ಮನೆಗೆ ಬಂತು.

ಈಗ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಅನಸೂಯ ದೊಡ್ಡಮ್ಮನ ಮನೆಯಲ್ಲಿದ್ದೇನೆ. ಭಾನುವಾರ ಮಧ್ಯಾಹ್ನವಾಗುತ್ತಾ ಬಂದರೂ ಹಾಸಿಗೆಯಲ್ಲೇ ಇದ್ದಾಗ, ಮೀಟಿಂಗ್ ಮುಗಿಸಿ ಮನೆಗೆ ಬಂದ ಪಪ್ಪನ ಫೋನ್ ಬಂತು.

"ಹಿಲರಿ ಕೇಳಿದ್ರು ಮಗಾ. ಅವತ್ತು ಎದ್ದೆಯಲ್ಲ, ಆ ಮಾತು ಬಂತಾ ಅಂತ."

"ಪಪ್ಪ, ಅವತ್ತು ಕಾಲು ಜೋಮು ಹಿಡ್ದಿತ್ತು. ಲಿಟರಲಿ ಅಷ್ಟೆ."

"ಗೊತ್ತುಂಟು. ನೀನು ಸಣ್ಣದಿರುವಾಗ್ಲೂ ಹಾಗೇ ಕೂರುದು."

"ಗೊತ್ತಿತ್ತಾ? ಮತ್ತೆ ಅವ್ರಿಗೆ ಹೇಳ್ಬೋದಿತ್ತಲ್ಲ!"

"ಹೇಗೆ ಹೇಳುದು? ಅವರು ಅಷ್ಟು ಖುಷಿಯಲ್ಲಿದ್ರು." ಆಮೇಲೆ ಮೆಲ್ಲಗೆ, "ನಾನೂ," ಎಂದರು.

ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ. "ಪಪ್ಪ, ಇಲ್ಲಿ ನಾನು ಮೀಟಿಂಗ್‌ಗೆ ಹೋಗ್ತಾ ಇಲ್ಲ. ಐ ಡೋಂಟ್ ಥಿಂಕ್ ಐ ವಿಲ್."

"ಹ್ಞೂಂ."

"ಹ್ಞೂಂ ಅಂದ್ರೆ? ಬೈಯಿರಿ. ಹೋಗು ಅನ್ನಿ. ಅಮ್ಮ ಆಗಿದ್ರೆ ಇಷ್ಟೊತ್ತಿಗೆ ಅತ್ತು, ಉಪವಾಸ ಕೂತು, ದೊಡ್ಡಮ್ಮನಿಗೂ ಫೋನ್ ಮಾಡ್ತಿದ್ಲು."

"ಅವಳ ಹತ್ರ ನಿಂಗೆ ಹೇಳಿಕೊಡ್ಲಿಕ್ಕೆ ದೀಪ, ಭಜನೆ ಉಂಟು ಮಗಾ. ನನ್ನ ಹತ್ರ ಎಂತ ಉಂಟು?"

ಹಿಂದಿನಿಂದ ಅಮ್ಮನ ಧ್ವನಿ ಬಂತು. "ದೀಪ ಹಚ್ಚಿದ್ಲಾ ಕೇಳಿ!"

"ಹಚ್ಚಿದೆ ಅಂತ ಹೇಳಿ," ಎಂದೆ. ಅಮ್ಮ ಕೊಟ್ಟದ್ದು ಬ್ಯಾಟರಿ ದೀಪ. ಸ್ವಿಚ್ ಒತ್ತಿದರೆ ಆಯಿತು.

ಪಪ್ಪ ಫೋನ್ ಇಡಲಿಲ್ಲ. "ಮುಂದಿನ ವಾರ ಹಿಲರಿ ಮತ್ತೆ ಕೇಳ್ತಾರೆ. ನಾನು ಎಂತ ಹೇಳ್ಲಿ?"

"ಬರ್ತಾ ಉಂಟು ಅಂತ ಹೇಳಿ."

"ಸುಳ್ಳು ಹೇಳ್ಲಿಕ್ಕೆ ನಂಗೆ ಆಗುದಿಲ್ಲ."

"ಹಾಗಾದ್ರೆ ಇಲ್ಲ ಅನ್ನಿ."

"ಅದೂ ಆಗುದಿಲ್ಲ ಮಗಾ."

ಅಡುಗೆಮನೆಯಿಂದ ದೊಡ್ಡಮ್ಮ ದೋಸೆ ತಣ್ಣಗಾಗ್ತದೆ ಎಂದು ಕೂಗಿದರು. ಪಪ್ಪ ಇನ್ನೂ ಲೈನ್‌ನಲ್ಲೇ ಇದ್ದರು, ನಾನೇನಾದರೂ ಹೇಳುತ್ತೇನೆಂದು ಕಾಯುತ್ತಾ.