ಕುಸಿಯುವ ನಕ್ಷತ್ರಕ್ಕೆ ಆಯುಧಪೂಜೆ

ನಾನು ಸಂಘಮಿತ್ರಾ, ಕೊಟ್ಟೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿಯಾಗಿ ಆರು ವರ್ಷ. ಇಷ್ಟು ಕಾಲ ಬೀಡುಬಿಟ್ಟ ಅತಿಥಿಯನ್ನು ಯಾವ ಮನೆಯವರೂ ಸಹಿಸುವುದಿಲ್ಲ. ಈ ತಿಂಗಳೊಳಗೆ ಪಿಎಚ್‌ಡಿ ಪ್ರಬಂಧ ಒಪ್ಪಿಸಿದರೆ ಮಾತ್ರ ಕಾಯಂ ಹುದ್ದೆಗೆ ಅರ್ಜಿ ಹಾಕಬಹುದಿತ್ತು.

ಸೂರ್ಯನ ಇಪ್ಪತ್ತೈದು ಪಟ್ಟು ತೂಕದ ನಕ್ಷತ್ರ ಹೇಗೆ ಸಾಯುತ್ತದೆ ಎಂಬುದು ನನ್ನ ವಿಷಯ. ಉರುವಲು ತೀರಿದಾಗ ಅದರ ತಿರುಳು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಆಮೇಲೆ ಸಿಡಿಯುತ್ತದೋ, ಸದ್ದಿಲ್ಲದೆ ಕಪ್ಪುಕುಳಿಯಾಗುತ್ತದೋ, ಲೆಕ್ಕ ಹಾಕಿಯೇ ನೋಡಬೇಕು. ಒಂದು ಸೆಕೆಂಡೂ ಹಿಡಿಯದ ಆ ಕುಸಿತಕ್ಕೆ ಲ್ಯಾಬಿನ ಹನ್ನೆರಡು ಕಂಪ್ಯೂಟರುಗಳು ಇಪ್ಪತ್ತು ದಿನ ಬಿಡದೆ ದುಡಿಯಬೇಕಿತ್ತು. ಲೆಕ್ಕವನ್ನು ನಡುನಡುವೆ ಉಳಿಸಿಡಲು ಆ ಹಳೆಯ ಡಬ್ಬಗಳಲ್ಲಿ ಜಾಗವಿರಲಿಲ್ಲ; ಒಮ್ಮೆ ನಿಂತರೆ ಮತ್ತೆ ಮೊದಲಿನಿಂದಲೇ. ದಸರಾ ರಜೆಯಲ್ಲಿ ಯಾರೂ ಮುಟ್ಟುವುದಿಲ್ಲವೆಂದು ಆಗಲೇ ಲೆಕ್ಕಕ್ಕೆ ಹಚ್ಚಿ ಜಾಣತನ ಮಾಡಿದ್ದೆ.

ಇಪ್ಪತ್ತನೆಯ ದಿನ ನಮ್ಮೂರು ಹಗರಿಬೊಮ್ಮನಹಳ್ಳಿಯಿಂದ ಬಂದು ಲ್ಯಾಬಿಗೆ ಕಾಲಿಟ್ಟರೆ, ಹನ್ನೆರಡೂ ಪರದೆ ಕಪ್ಪು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಅಟೆಂಡರ್ ಗಾದೆಪ್ಪ ಕುಂಬಳಕಾಯಿಯ ಹೋಳು ಗುಡಿಸುತ್ತಿದ್ದ.

"ಆಯುಧಪೂಜಿ ಮೇಡಂ. ಮುಂಜಾನೆನ ಮೇನ್ ಸ್ವಿಚ್ ಬಂದ್ ಮಾಡೇವಿ. ನಾಳಿ ಬನ್ನಿ ಮುಡಿಯೋತನ ಚಾಲೂ ಮಾಡಂಗಿಲ್ರಿ."

"ಬಂದ್ ಮಾಡಬ್ಯಾಡ್ರಿ ಅಂತ ಚೀಟಿ ಅಂಟಿಸಿದ್ನಲ್ಲಪ್ಪ!"

"ಐತ್ರಿ ಚೀಟಿ. ಅದಕ್ಕೂ ಕುಂಕುಮ ಹಚ್ಚೇವಿ."

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರಾದ ಶಿವಯೋಗಪ್ಪನವರು ಮಂಡಕ್ಕಿ, ಕೊಬ್ಬರಿಯ ಪೊಟ್ಟಣ ಹಿಡಿದು ಬಂದರು.

"ನನಗೊಂದು ಮಾತು ಹೇಳಬಾರದಿತ್ತೇನ್ರಿ ಸಾರ್?"

"ನೀವು ಬೌದ್ಧರು, ಪೂಜಿ ಗೀಜಿ ಮಾಡಂಗಿಲ್ಲ. ಕರದು ನಿಮಗ್ಯಾಕ ಮುಜುಗರ ಮಾಡೋದು ಅಂತ ಬಿಟ್ವಿ. ಒಂದ್ ಸೆಕೆಂಡಿನ ಕುಸಿತ ಅಂತ ನೀವ ಹೇಳಿದ್ರಲ್ಲ, ನಾಡದು ಮತ್ತ ಹಚ್ಚಿದ್ರಾತು ಬಿಡ್ರಿ."

ಅವರ ಮುಖದಲ್ಲಿ ಕೆಡುಕಿರಲಿಲ್ಲ. ಇದ್ದಿದ್ದರೆ ಬೈದು ಹಗುರಾಗುತ್ತಿದ್ದೆ. ತಿಂಗಳು ಮುಗಿಯಲು ಎಂಟೇ ದಿನ ಉಳಿದಿತ್ತು.

ನಮ್ಮಪ್ಪ ಜೋಗಪ್ಪ, ಮನೆಯ ದೇವರ ಜಗಲಿ ತೆಗೆದುಹಾಕಿ, ನನಗೆ ಈ ಹೆಸರಿಟ್ಟು, ಯಾವ ದೇವರಿಗೂ ಕೈ ಮುಗಿಯಬೇಡವೆಂದು ಬೆಳೆಸಿದವರು. ಅಂಥವರ ಮಗಳು ನಾನು ಹೇಳಿದೆ: "ಹೇಳಿದ್ರ ಕುಂಕುಮ ನಾನ ಹಚ್ತಿದ್ದೆ ಸಾರ್. ಕಾಯಿನೂ ಒಡೀತಿದ್ದೆ. ಬಂದ್ ಒಂದು ಮಾಡಬಾರದಿತ್ತು." ಹೇಳಿದ ಕೂಡಲೇ ನಾಚಿಕೆಯಿಂದ ಮೈ ಉರಿಯಿತು.

ಶಿವಯೋಗಪ್ಪನವರಿಗೆ ನಿಜಕ್ಕೂ ಸಂತೋಷವಾಯಿತು. "ಮೊದಲ ಹೇಳಬಾರದೇನ್ರಿ? ಮುಂದಿನ ವರ್ಷ ನೀವ ಹಚ್ಚೀರಂತ" ಎಂದು ಪೊಟ್ಟಣ ನನ್ನ ಕೈಗಿಟ್ಟರು. ಮುಂದಿನ ವರ್ಷವೂ ನಾನು ಅತಿಥಿಯಾಗಿಯೇ ಇರುತ್ತೇನೆಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.