ಅಂಬಾಜಿಯ ಬೆಲ್ಟಿನ ದಾರ

ನಾನೊಂದು ನೈಲಾನ್ ದಾರದ ಉಂಡೆ. ಕಾರ್ಖಾನೆಯಲ್ಲಿ ಎಳೆಗಳನ್ನು ಹೊಸೆದು, ಅಂಟಿನ ದ್ರವದಲ್ಲಿ ಅದ್ದಿ, ಬಿಸಿಗಾಳಿಗೆ ಒಣಗಿಸಿ ನನ್ನನ್ನು ಹುಟ್ಟಿಸಿದರು. ಆ ಲೇಪ ಮೈಗೆ ಹತ್ತಿದ ಮೇಲೆ ಎಷ್ಟು ತಿರುಚಿದರೂ ನನ್ನ ಎಳೆ ಬಿಚ್ಚುವುದಿಲ್ಲ, ದೊಡ್ಡ ಮಶೀನಿನ ಸೂಜಿಗೂ ನಾನು ಜಗ್ಗುವುದಿಲ್ಲ. ಇದರ ಜಂಬ ನನಗೆ ಬಹಳ ಇತ್ತು.

ಗದಗಿನ ಅಂಗಡಿಯೊಂದರಲ್ಲಿ ನನ್ನ ಪಕ್ಕ ಪಾಲಿಯೆಸ್ಟರ್ ದಾರ ಕೂತಿತ್ತು. ಅದಕ್ಕೂ ಅಂಥದೇ ಲೇಪ. ಒಂದು ದಿನ ವಿಠೋಬಾ ಜೀನಗಾರ ಬಂದ. ಕುದುರೆಯ ಜೀನು ಹೊಲಿಯುವ ಮನೆತನದವನು. ಕುದುರೆಗಳ ಕಾಲ ಹೋದ ಮೇಲೆ ಲಾರಿಯ ಸೀಟು ಹೊಲಿಯುತ್ತಿದ್ದ. ಅವನ ಮಗ ಅಂಬಾಜಿ ಮೊಬೈಲ್ ಟವರುಗಳಿಗೆ ಬಣ್ಣ ಹಚ್ಚುವವನು. ಬೀಳದಂತೆ ಟವರಿಗೆ ಕಟ್ಟಿಕೊಳ್ಳಲು ಗುತ್ತಿಗೆದಾರ ಕೊಟ್ಟ ಬೆಲ್ಟು ಸೊಂಟ ಕಚ್ಚುತ್ತದೆಂದು ಮಗ ಗೊಣಗಿದ್ದೇ ತಡ, ಅಪ್ಪ ತಾನೇ ಒಂದನ್ನು ಹೊಲಿಯಲು ಹೊರಟಿದ್ದ.

ಅವರ ಮನೆತನದಲ್ಲಿ ದಾರ ಆರಿಸುವ ರೀತಿ ಒಂದೇ. ಕಾಲ್ಬೆರಳಿಗೆ ಸುತ್ತಿ, ಎರಡೂ ಕೈಯಿಂದ ಜಗ್ಗುವುದು. ಪಾಲಿಯೆಸ್ಟರ್ ಸ್ವಲ್ಪ ಹೊತ್ತು ತಡೆದು ಹರಿಯಿತು. ನಾನು ಚೂರು ಹಿಗ್ಗಿ ನಿಂತೆ.

"ಬಿಸಿಲಾಗ ಇರೂ ಸಾಮಾನಾದ್ರ ಪಾಲಿಯೆಸ್ಟರ್ ಒಯ್ರಿ ಕಾಕಾ. ನೈಲಾನ್ ಬಿಸಿಲಿಗೆ ಜೀವ ಬಿಡತೈತಿ," ಎಂದ ಅಂಗಡಿಯವ.

"ಜೀನ ಹೊಲಿದ ಕೈ ಇದು. ನನಗ ದಾರ ಕಲಸ್ತೀಯೇನಪಾ?" ಎಂದ ವಿಠೋಬಾ.

ಜೀನಿನ ಹೊಲಿಗೆ ಕುದುರೆಯ ಬೆವರು ಕಂಡಿತ್ತು, ಸವಾರನ ಭಾರ ಕಂಡಿತ್ತು. ತೊಗಲಿನ ಮಡಿಕೆಯೊಳಗಿದ್ದ ಅದಕ್ಕೆ ಬಿಸಿಲು ತಾಗಿರಲೇ ಇಲ್ಲ. ಇದು ಅವನಿಗೆ ಹೊಳೆಯಲಿಲ್ಲ. ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

ನನ್ನ ಅರ್ಧ ಬೆಲ್ಟಿಗೆ ಹೋಯಿತು. ಉಳಿದರ್ಧ ಕಪಾಟಿನ ಕತ್ತಲಲ್ಲಿ ಉಳಿಯಿತು. "ಹೂವಿನಂಗ ಐತಪಾ," ಎಂದು ಅಂಬಾಜಿ ಹಿಗ್ಗಿದ. ಕೆಲಸವಿಲ್ಲದಾಗ ಬೆವರು ಒಣಗಲೆಂದು ಅದನ್ನು ಮಾಳಿಗೆಯ ಮೇಲೆ ಬಿಸಿಲಲ್ಲಿ ತಂತಿಗೆ ಹಾಕುತ್ತಿದ್ದ. ಬೇಸಿಗೆಗಳು ಹಾಗೇ ಕಳೆದವು.

ಒಂದು ಮಧ್ಯಾಹ್ನ ಅಂಬಾಜಿ ಟವರಿನಿಂದ ಬಿದ್ದು ಸತ್ತ.

ಮಗನ ಮೈಯಿಂದ ಬಿಚ್ಚಿ ಅಂಗಿಯೊಳಗೆ ಬಚ್ಚಿಟ್ಟು ತಂದ ಬೆಲ್ಟನ್ನು ವಿಠೋಬಾ ಕಪಾಟಿನಲ್ಲಿ ತೊಗಲಿನ ಚೂರುಗಳ ಕೆಳಗೆ ಅಡಗಿಸಿದ. ಪಟ್ಟಿ ಗಟ್ಟಿಯಾಗಿತ್ತು, ಬಕಲ್ ಗಟ್ಟಿಯಾಗಿತ್ತು. ಹೊಲಿಗೆ ಮಾತ್ರ ಅವನ ಉಗುರು ತಾಗಿದಲ್ಲೆಲ್ಲ ಪುಡಿಯಾಗಿ ಉದುರಿತು. ಅದು ನಾನೇ. ನನ್ನ ಗುರುತು ನನಗೇ ಹತ್ತಲಿಲ್ಲ. ಅಷ್ಟು ದುಃಖ ಒಂದು ದಾರಕ್ಕೆ ಆಗಬಹುದೆಂದು ನನಗೆ ತಿಳಿದಿರಲಿಲ್ಲ.

ಹೆಂಡತಿ ಯಮುನಾಬಾಯಿಗೆ ಅವನು ಏನೂ ಹೇಳಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ ಆಕೆಯದು ಒಂದೇ ಮಾತು. "ಅವತ್ತ ಗುತ್ತಿಗೆದಾರನ ಬೆಲ್ಟ ಹಾಕ್ಕೊಂಡು ಹೋಗಿರಬೇಕು. ಅವರಪ್ಪನ ಬೆಲ್ಟ ಇದ್ದಿದ್ರ ನನ್ನ ಕೂಸು ಉಳೀತಿತ್ತು." ವಿಠೋಬಾ ನೆಲ ನೋಡುತ್ತಿದ್ದ. ಆ ನಂಬಿಕೆಯ ಮೇಲೆ ಆಕೆ ಎರಡು ತುತ್ತು ಉಣ್ಣುತ್ತಿದ್ದಳು, ಅದನ್ನು ಕಸಿದುಕೊಳ್ಳುವುದು ಹೇಗೆ?

ತಿಂಗಳ ಮೇಲೆ ಆಕೆ ಕಪಾಟು ತೆರೆದು, ಉಂಡೆಯಾಗಿ ಉಳಿದಿದ್ದ ನನ್ನನ್ನು ತಂದು ಅವನ ತೊಡೆಯ ಮೇಲಿಟ್ಟಳು.

"ಅವನ ಜೋಡಿ ಟವರ ಹತ್ತೂ ಹುಡುಗರಿಗೆ ಬೆಲ್ಟ ಹೊಲಿದ ಕೊಡ್ರಿ. ಇದ ದಾರ ಹಾಕ್ರಿ. ಅವರಾದ್ರೂ ಉಳೀಲಿ."

ವಿಠೋಬಾ ನನ್ನನ್ನು ತೊಡೆಯಿಂದ ಕೆಳಗಿಟ್ಟ.

"ಅವ ಅವತ್ತ ನನ್ನ ಬೆಲ್ಟನ ಹಾಕ್ಕೊಂಡಿದ್ದ, ಯಮುನಾ."

ಆಕೆ ಅಳಲಿಲ್ಲ. ನನ್ನನ್ನು ಎತ್ತಿ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದಳು.

ವರ್ಷಗಳಾದವು. ಕತ್ತಲಲ್ಲಿ ನನ್ನ ಬಲ ಒಂದಿಷ್ಟೂ ಕುಗ್ಗಿಲ್ಲ. ಇನ್ನು ಅದು ಯಾರಿಗೆ ಬೇಕು? ಹೊರಗೆ ಆಕೆ ಅವನ ಮುಂದೆ ಊಟದ ತಾಟು ಇಡುವ ಸದ್ದು ದಿನಾ ಕೇಳುತ್ತದೆ. ಮಾತು ಕೇಳುವುದಿಲ್ಲ.